ಲ್ಯಾಪ್‌ಟಾಪಿನೊಳಗಿನ ಹರಕೆಯಾಟ

ಕಾಸರಗೋಡಿನ ಕನ್ನಡಿಗರಿಗೆ ತಿರುವನಂತಪುರವನ್ನು ಹೊಗಳಿ ಅಭ್ಯಾಸವಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿಂದ ಅಲ್ಲಿಗೆ ಹೋದದ್ದೆಲ್ಲ ಮನವಿ, ಅಲ್ಲಿಂದ ಇಲ್ಲಿಗೆ ಬಂದದ್ದೆಲ್ಲ ಮಲಯಾಳದ ಸುತ್ತೋಲೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕನ್ನಡನಾಡಿಗೆ ಸೇರಲಿ ಎಂದು 1967ರಲ್ಲಿ ಮಹಾಜನ್ ವರದಿ ಹೇಳಿತು, ಹೇಳಿದ್ದಷ್ಟೇ ಆಯಿತು. ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರನ್ನು ಕಳಿಸುವುದು, ಅದರ ವಿರುದ್ಧ ಧರಣಿ ಕೂರುವುದು, ಇದೂ ನಮ್ಮ ಪಂಚಾಂಗದಲ್ಲಿ ಸೇರಿಹೋಗಿದೆ. ಹೀಗಿರುವಾಗ ಪೈವಳಿಕೆಯಲ್ಲಿ ಕೂತು, ಒಂದು ವಿಷಯದಲ್ಲಾದರೂ ತಿರುವನಂತಪುರದವರು ಕನ್ನಡದ ಮಕ್ಕಳಿಗೆ ಉಪಕಾರ ಮಾಡಿದ್ದಾರೆ ಎಂದು ಬರೆಯಹೊರಟರೆ, ಮುಂದಿನ ಮದುವೆಯೂಟದ ಹಂತಿಯಲ್ಲಿ ಯಾರ ಪಕ್ಕ ಕೂರುವುದು ಎಂದು ಮೊದಲೇ ಯೋಚಿಸಿಟ್ಟುಕೊಳ್ಳಬೇಕು. ಆದರೂ ಬರೆಯಬೇಕಾಗಿದೆ. ಮನೆಗೆ ಹೊಸ ಲ್ಯಾಪ್‌ಟಾಪ್ ತಂದರೆ ಅದರಲ್ಲಿ ಯಾವ ಸಾಫ್ಟ್‌ವೇರ್ ಇರಬೇಕು ಎಂಬ ಪ್ರಶ್ನೆಗೆ ನಮ್ಮೂರಿನ ಮಟ್ಟಿಗೆ ಸರ್ಕಾರಿ ಶಾಲೆ ಎಂದೋ ಉತ್ತರ ಕೊಟ್ಟಾಗಿದೆ. ಮನೆಯ ಯಜಮಾನರಿಗೆ ಮಾತ್ರ ಸುದ್ದಿ ಮುಟ್ಟಿಲ್ಲ.

ಕೇರಳದಲ್ಲಿ ಶಾಲೆಯ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾದದ್ದು 2001ರಲ್ಲಿ. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶದ ಚಳವಳಿಯ ಮೂಲಪುರುಷ ರಿಚರ್ಡ್ ಸ್ಟಾಲ್‌ಮನ್ ತಿರುವನಂತಪುರಕ್ಕೆ ಬಂದು ಆ ಚಳವಳಿಯ ಭಾರತೀಯ ಶಾಖೆಯನ್ನು ಉದ್ಘಾಟಿಸಿದ್ದೂ ಅದೇ ವರ್ಷ. ಶಾಲೆಯ ಮೊದಲ ಪಾಠಗಳಲ್ಲಿ ಮೈಕ್ರೋಸಾಫ್ಟಿನ ಸರಕೇ ತುಂಬಿತ್ತು. ಅಧ್ಯಾಪಕರ ಸಂಘಟನೆ ತಕರಾರು ಎತ್ತಿತು, ಚಳವಳಿಯವರು ದನಿಗೂಡಿಸಿದರು, ಕೆಲವೇ ವರ್ಷಗಳಲ್ಲಿ ಶಾಲೆಗಳ ಕಂಪ್ಯೂಟರುಗಳು ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ಮಿಗೆ ಬದಲಾದವು. ಈಗ ಆ ಯೋಜನೆಯ ಹೆಸರು ಕೈಟ್. ಉಬುಂಟು ಎಂಬ ಲಿನಕ್ಸಿನ ಮೇಲೆ ಕಟ್ಟಿದ ಕೈಟ್ ಗ್ನು ಲಿನಕ್ಸ್ ಎಂಬ ತನ್ನದೇ ಆಪರೇಟಿಂಗ್ ಸಿಸ್ಟಮ್ಮನ್ನು ಅದು ಎಲ್ಲರಿಗೂ ಹಂಚುತ್ತದೆ, 22.04ರ ಆವೃತ್ತಿ 2024ರಲ್ಲಿ ಹೊರಬಂತು. ಇದರಿಂದ 3000 ಕೋಟಿ ರೂಪಾಯಿ ಉಳಿಯಿತೆಂದು ಅವರೇ ಹೇಳುತ್ತಾರೆ. ಸರ್ಕಾರಗಳು ಖರ್ಚಿನ ಲೆಕ್ಕಕ್ಕಿಂತ ಉಳಿತಾಯದ ಲೆಕ್ಕವನ್ನು ದೊಡ್ಡ ದನಿಯಲ್ಲಿ ಹೇಳುವುದರಿಂದ ಆ ಸಂಖ್ಯೆಯನ್ನು ಅಲ್ಲಿಗೇ ಬಿಡೋಣ. ನಮಗೆ ಬೇಕಾದ ಸಂಗತಿ ಬೇರೆ ಇದೆ. ಈ ಪಾಠದ ಪುಸ್ತಕ ಕನ್ನಡದಲ್ಲೂ ಅಚ್ಚಾಗುತ್ತದೆ. ಪೈವಳಿಕೆಯ ಕನ್ನಡ ಮಾಧ್ಯಮದ ಹುಡುಗಿ ಚಿತ್ರ ತಿದ್ದಲು ಗಿಂಪ್, ವಿನ್ಯಾಸಕ್ಕೆ ಇಂಕ್‌ಸ್ಕೇಪ್, ಬರೆಯಲು ಲಿಬ್ರೆ ಆಫೀಸ್, ರೇಖಾಗಣಿತಕ್ಕೆ ಜಿಯೋಜಿಬ್ರಾ, ಕೊನೆಗೆ ಪೈಥಾನ್ ಎಲ್ಲವನ್ನೂ ಕನ್ನಡದಲ್ಲೇ ಓದಿ ಕಲಿಯುತ್ತಾಳೆ. ಎಸ್ಸೆಸ್ಸೆಲ್ಸಿಯ ಐಟಿ ಪ್ರಾಯೋಗಿಕ ಪರೀಕ್ಷೆ ಬರೆಯುವುದೂ ಕನ್ನಡದಲ್ಲೇ. ಮನೆಯಲ್ಲಿ ತುಳುವೋ ಹವ್ಯಕವೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಎಂದು ದಿನಕ್ಕೆ ಮೂರು ಸಲ ಭಾಷೆ ಬದಲಿಸುವ ಮಕ್ಕಳಿಗೆ ಒಂದು ಆಪರೇಟಿಂಗ್ ಸಿಸ್ಟಮ್ ದೊಡ್ಡ ವಿಷಯವೇ ಅಲ್ಲ.

ಇನ್ನು ಅದೇ ಮನೆಗೆ ಲ್ಯಾಪ್‌ಟಾಪ್ ಬರುವ ಕ್ರಮ ನೋಡಿ. ಉಪ್ಪಳದಲ್ಲಿ ವಿಚಾರಿಸಿ, ಮಂಗಳೂರಿನಲ್ಲಿ ಚೌಕಾಸಿ ಮಾಡಿ, ದುಬೈಯ ಭಾವನಿಗೆ ಫೋನು ಹಚ್ಚಿ ಕೇಳಿದ ಮೇಲೆ ಡಬ್ಬಿ ಮನೆಗೆ ಬರುತ್ತದೆ. ಈ ಮೂರು ಕಡೆಯ ಸಲಹೆಗಾರರಲ್ಲಿ ಒಬ್ಬರಾದರೂ ಅದನ್ನು ಬಳಸಬೇಕಾದ ಹುಡುಗಿಯನ್ನು ಕೇಳಿರುವುದಿಲ್ಲ. ತೆರೆದರೆ ಒಳಗೆ ವಿಂಡೋಸ್ ಇದೆ, ಒಂದು ತಿಂಗಳ ಆಫೀಸ್ ಇದೆ, ಒಂದು ತಿಂಗಳ ಆಂಟಿವೈರಸ್ ಇದೆ. ಬಲಮೂಲೆಯಲ್ಲಿ ಎಚ್ಚರಿಕೆಯ ಚೀಟಿ ಮೇಲೇಳುತ್ತದೆ, ಮುಚ್ಚಿದರೆ ಮತ್ತೆ ಏಳುತ್ತದೆ: ಅಪಾಯ ಹತ್ತಿರ ಬಂದಿದೆ, ಹಣ ಕಟ್ಟಿ. ತಿಂಗಳು ಮುಗಿದು ಆಫೀಸ್ ಬಾಗಿಲು ಹಾಕಿಕೊಂಡಾಗ ಮನೆಯವರು ನೆರೆಮನೆಯ ಹುಡುಗನನ್ನು ಕರೆಸುತ್ತಾರೆ. ಅವನ ಜೇಬಿನಲ್ಲಿ ಪೆನ್‌ಡ್ರೈವ್, ಪೆನ್‌ಡ್ರೈವಿನಲ್ಲಿ ಕ್ರ್ಯಾಕ್. ಅದನ್ನು ಹಾಕುವ ಮೊದಲು ಆಂಟಿವೈರಸ್ಸನ್ನು ಬಂದ್ ಮಾಡಬೇಕು ಎಂದು ಅವನು ಹೇಳುತ್ತಾನೆ, ಎಲ್ಲರೂ ತಲೆಯಾಡಿಸುತ್ತಾರೆ. ಕಳ್ಳನನ್ನು ಒಳಗೆ ಕರೆಯಲು ನಾಯಿಯನ್ನು ಕಟ್ಟಿಹಾಕಿ ಎಂದು ಬೇರೆ ಯಾರಾದರೂ ಹೇಳಿದ್ದರೆ ಈ ಮನೆಯವರೇ ಪೊಲೀಸರಿಗೆ ಫೋನು ಮಾಡುತ್ತಿದ್ದರು. ಐವತ್ತು ಸಾವಿರದ ಯಂತ್ರ ಹೀಗೆ ಮೊದಲ ತಿಂಗಳಲ್ಲೇ ಕದ್ದ ಮಾಲಿನ ಗೋದಾಮಾಗುತ್ತದೆ. ಹುಡುಗಿ ಶಾಲೆಯಲ್ಲಿ ಕಲಿತದ್ದರಲ್ಲಿ ಒಂದೂ ಅದರಲ್ಲಿರುವುದಿಲ್ಲ.

ಇದಕ್ಕೆಲ್ಲ ಹಿಂದೆ ಒಂದು ನಂಬಿಕೆ ಇದೆ: ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇಲ್ಲ. ಈ ಮಾತನ್ನು ಬೇರೆ ಊರಿನವರು ಹೇಳಿದರೆ ಒಪ್ಪಬಹುದು. ಯಕ್ಷಗಾನದ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯವರು ಹೇಳಬಾರದು. ಹರಕೆಯ ಬಯಲಾಟಕ್ಕೆ ಟಿಕೆಟಿಲ್ಲ. ಸೇವಾಕರ್ತರು ಖರ್ಚು ಹಾಕುತ್ತಾರೆ, ಊರೆಲ್ಲ ಕೂತು ಬೆಳಗಾಗುವವರೆಗೆ ನೋಡುತ್ತದೆ, ಪುಕ್ಕಟೆಯಾದ್ದರಿಂದ ಭಾಗವತರ ಸ್ವರ ಸರಿಯಿಲ್ಲ ಎಂದು ಯಾರೂ ಹೇಳಿದ್ದಿಲ್ಲ. ಮುಕ್ತ ತಂತ್ರಾಂಶ ನಡೆಯುವುದೂ ಇದೇ ಕ್ರಮದಲ್ಲಿ. ಇಂಟೆಲ್, ಗೂಗಲ್, ಐಬಿಎಂನಂಥ ಸೇವಾಕರ್ತರು ತಮ್ಮದೇ ಕಾರಣಕ್ಕೆ, ತಮ್ಮದೇ ಸಂಬಳ ಕೊಟ್ಟು ಲಿನಕ್ಸಿನ ಕೆಲಸ ಮಾಡಿಸುತ್ತಾರೆ. ಲಿನಕ್ಸನ್ನೇ ನಂಬಿ ಬೆಳೆದ ರೆಡ್ ಹ್ಯಾಟ್ ಕಂಪನಿಯನ್ನು ಐಬಿಎಂ 2019ರಲ್ಲಿ 3400 ಕೋಟಿ ಡಾಲರ್ ಕೊಟ್ಟು ಕೊಂಡಿತು. ಆಟ ಅವರ ಅಂಗಳದ್ದು, ನೋಡುವ ಸುಖ ನಮ್ಮದು. ಬೇಕಾದವರು ಚೌಕಿಗೂ ಹೋಗಬಹುದು, ವೇಷ ಕಟ್ಟುವುದನ್ನು ನೋಡಬಹುದು, ಪ್ರಸಂಗದ ಪ್ರತಿ ಕೇಳಿ ಪಡೆದು ಎರಡು ಪದ ತಿದ್ದಿ ತಮ್ಮೂರಿನಲ್ಲೇ ಆಡಿಸಬಹುದು. ಕೈಟ್‌ನವರು ಉಬುಂಟುವಿಗೆ ಮಾಡಿದ್ದು ಅದನ್ನೇ. ಡೇರೆ ಮೇಳದ ಲೆಕ್ಕ ಬೇರೆ, ಅಲ್ಲಿ ಟಿಕೆಟು ಕೊಂಡೇ ಒಳಗೆ ಹೋಗಬೇಕು, ಅದರಲ್ಲಿ ತಪ್ಪೂ ಇಲ್ಲ. ಒಂದು ತಿಂಗಳ ಆಫೀಸ್ ಎಂದರೆ ಪೂರ್ವರಂಗಕ್ಕೆ ಒಳಗೆ ಬಿಟ್ಟು, ಕಥೆ ಶುರುವಾಗುವಾಗ ಎಬ್ಬಿಸಿ ಟಿಕೆಟು ಕೇಳುವುದು. ಕ್ರ್ಯಾಕ್ ಎಂದರೆ ಡೇರೆಯ ಬಟ್ಟೆ ಎತ್ತಿ ನುಸುಳುವುದು. ಪಕ್ಕದ ಗದ್ದೆಯಲ್ಲಿ ಹರಕೆಯಾಟ ನಡೆಯುತ್ತಿರುವಾಗ ಮರ್ಯಾದಸ್ಥರ ಮಗ ಡೇರೆಯ ಕೆಳಗೆ ನುಸುಳುವುದೇಕೆ ಎಂಬುದೇ ನನಗೆ ಅರ್ಥವಾಗದ ವಿಷಯ.

ದೊಡ್ಡವರ ಅಭಿಪ್ರಾಯವೇ ಬೇಕೆನ್ನುವವರಿಗೆ ಅದೂ ಇದೆ. 2001ರಲ್ಲಿ ಮೈಕ್ರೋಸಾಫ್ಟಿನ ಮುಖ್ಯಸ್ಥರಾಗಿದ್ದ ಸ್ಟೀವ್ ಬಾಲ್ಮರ್ ಲಿನಕ್ಸನ್ನು ಕ್ಯಾನ್ಸರ್ ಎಂದು ಕರೆದಿದ್ದರು. 2016ರಲ್ಲಿ ಅದೇ ಕಂಪನಿ ಲಿನಕ್ಸ್ ಫೌಂಡೇಶನ್ನಿಗೆ ಚಂದಾ ಕಟ್ಟಿ ಪ್ಲಾಟಿನಂ ಸದಸ್ಯನಾಯಿತು. ಹುಡುಗ ಬೇಡವೇ ಬೇಡ ಎಂದು ಹದಿನೈದು ವರ್ಷ ಕೂಗಾಡಿದ ಮಾವ ಕೊನೆಗೆ ತಾನೇ ಧಾರೆ ಎರೆದ ಹಾಗಾಯಿತು.

ಎರಡನೆಯ ತಕರಾರು ನಮ್ಮ ಭಾಷೆಯದ್ದು, ಹಾಗಾಗಿ ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಕೂರಬೇಕು. ಕನ್ನಡ ಟೈಪು ಮಾಡಲು ನುಡಿ ಬೇಕು, ಬರಹ ಬೇಕು, ಅವೆರಡೂ ವಿಂಡೋಸಿನವು, ಲಿನಕ್ಸಿಗೆ ಹೋದರೆ ಕನ್ನಡ ಬಿಟ್ಟಂತೆ ಎನ್ನುತ್ತಾರೆ ಸಂಘಸಂಸ್ಥೆಗಳ ಕಾರ್ಯದರ್ಶಿಗಳು. ಭಾಷಾಭಿಮಾನದಿಂದ ಹುಟ್ಟಿದ ಮಾತಾದ್ದರಿಂದ ಮರ್ಯಾದೆಯಿಂದಲೇ ಕೇಳಬೇಕು. ಆದರೆ ನುಡಿಯ ಕೀಲಿಮಣೆ ವಿನ್ಯಾಸದ ಮೂಲ ಕೆ.ಪಿ. ರಾವ್ ಅವರದ್ದು. ಅವರು ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು, ಅಂದರೆ ನಮ್ಮ ನೆರೆಯವರೇ. ಕಗಪ ಎಂಬ ಆ ವಿನ್ಯಾಸ ಲಿನಕ್ಸಿನಲ್ಲೂ ಇದೆ. ಸೆಟ್ಟಿಂಗಿಗೆ ಹೋಗಿ ಕನ್ನಡ ಕಗಪ ಆರಿಸಿ ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಐದು ಕೀಲಿ ಒತ್ತಿ: ಕ ಬರುತ್ತದೆ, ನ ಬರುತ್ತದೆ, ಎಫ್ ಒತ್ತಿದಾಗ ಆ ನಕಾರ ಅರ್ಧಕ್ಕೆ ನಿಲ್ಲುತ್ತದೆ, ಮುಂದಿನ ನಕಾರ ಅದರ ಕೆಳಗೆ ಹೋಗಿ ಒತ್ತಾಗಿ ಕೂರುತ್ತದೆ, ಡ ಬಂದು ಪಕ್ಕದಲ್ಲಿ ನಿಲ್ಲುತ್ತದೆ. ನುಡಿಯಲ್ಲಿ ಪಳಗಿದ ಬೆರಳಿಗೆ ಹೊಸದಾಗಿ ಕಲಿಯುವುದು ಏನೂ ಇಲ್ಲ. ಅಕ್ಷರ ಚಂದ ಬೇಕೆಂದರೆ ಗುಬ್ಬಿ, ನವಿಲು ಎಂಬ ಫಾಂಟುಗಳನ್ನು ಸ್ವಯಂಸೇವಕರೇ ರೂಪಿಸಿ ಎಲ್ಲರಿಗೂ ಬಿಟ್ಟಿದ್ದಾರೆ.

ನಿಜವಾದ ತೊಂದರೆ ಹಳೆಯ ಕಡತಗಳಲ್ಲಿದೆ, ಅದನ್ನು ಮುಚ್ಚಿಟ್ಟು ವಾದ ಗೆಲ್ಲಬಾರದು. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿಯಲ್ಲಿ ಟೈಪಿಸಿದ ಸಂಘದ ವರದಿ, ಬ್ರಹ್ಮಕಲಶದ ಆಮಂತ್ರಣ, ಸ್ಮರಣ ಸಂಚಿಕೆಗಳು ಎಲ್ಲರ ಮನೆಯಲ್ಲೂ ಇವೆ. ಅವುಗಳಲ್ಲಿ ಒಂದನ್ನು ಲಿಬ್ರೆ ಆಫೀಸಿನಲ್ಲಿ ತೆರೆದರೆ ಕನ್ನಡ ಎಂಬ ಜಾಗದಲ್ಲಿ ಇಂಗ್ಲಿಷಿನ ಪಿ ಕಾಣುತ್ತದೆ, ಅದರ ಪಕ್ಕ ತಲೆಯ ಮೇಲೆ ಗೆರೆ ಬಿದ್ದ ಎ, ಆಮೇಲೆ ಬ್ರಿಟಿಷರ ಪೌಂಡು, ಮತ್ತೊಂದು ಗೆರೆಯ ಎ, ಜರ್ಮನರ ಒಂದು ಅಕ್ಷರ, ಕೊನೆಗೆ ಕ್ಯೂ ಮತ್ತು ಅದೇ ಗೆರೆಯ ಎ. ಯುರೋಪಿನ ಮೂರು ದೇಶ ಸೇರಿ ನಮ್ಮ ಒಂದು ಪದ! ಲಿನಕ್ಸನ್ನು ಬೈಯಲು ಇದನ್ನೇ ಸಾಕ್ಷಿಯಾಗಿ ತೋರಿಸುತ್ತಾರೆ. ಆದರೆ ನುಡಿಯ ಫಾಂಟು ಇಲ್ಲದ ವಿಂಡೋಸ್ ಕಂಪ್ಯೂಟರಿನಲ್ಲೂ ಅದು ಹೀಗೇ ಕಾಣುತ್ತದೆ. ಆ ಕಡತದೊಳಗೆ ಕನ್ನಡ ಎಂದೂ ಇರಲಿಲ್ಲ. ಲ್ಯಾಟಿನ್ ಅಕ್ಷರಗಳಿಗೆ ಫಾಂಟು ಕನ್ನಡದ ವೇಷ ಹಾಕಿತ್ತು, ಅಷ್ಟೆ. ಇವುಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳಿವೆ, ಅವೂ ಮುಕ್ತ. ನೂರು ಪುಟಕ್ಕೆ ನಾಲ್ಕಾರು ಕಡೆ ಒತ್ತಕ್ಷರ ತಪ್ಪಬಹುದು. ಸ್ಮರಣ ಸಂಚಿಕೆಯ ಮೂಲ ಪ್ರತಿಯಲ್ಲಿ ಅದಕ್ಕಿಂತ ಹೆಚ್ಚು ತಪ್ಪಿರುತ್ತದೆ ಎಂಬುದು ಅದರ ಸಂಪಾದಕರಿಗೂ ಗೊತ್ತು.

ಈಗ ಎಲ್ಲವೂ ಆನ್‌ಲೈನಿನಲ್ಲೇ ಇರುವಾಗ ಲ್ಯಾಪ್‌ಟಾಪಿಗೆ ಸಾಫ್ಟ್‌ವೇರ್ ಯಾಕೆ ಎಂದು ಕೇಳುವವರಿದ್ದಾರೆ. ಇವರು ಆಟಿ ತಿಂಗಳಲ್ಲಿ ಪೈವಳಿಕೆಗೆ ಬಂದವರಲ್ಲ. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳಲ್ಲಿ 250 ಎಕರೆ ಹರಡಿದ 50 ಮೆಗಾವಾಟಿನ ಸೌರ ವಿದ್ಯುತ್ ಸ್ಥಾವರ 2021ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು, ನಮ್ಮ ಗುಡ್ಡದ ಬಿಸಿಲು ಕೇರಳದ ಗ್ರಿಡ್ಡಿಗೆ ಹೋಗುತ್ತದೆ. ಆದರೆ ಮಳೆಗಾಲದಲ್ಲಿ ಒಂದು ತೆಂಗಿನ ಮಡಲು ತಂತಿಯ ಮೇಲೆ ಬಿದ್ದರೆ ಮೆಗಾವಾಟಿನ ಲೆಕ್ಕಕ್ಕೆ ಅರ್ಥವಿಲ್ಲ. ಕರೆಂಟು ಹೋದರೆ ವೈಫೈ ಪೆಟ್ಟಿಗೆ ಹೋಯಿತು, ಅದರೊಂದಿಗೆ ಆನ್‌ಲೈನಿನ ಪ್ರಬಂಧವೂ ಹೋಯಿತು. ಲ್ಯಾಪ್‌ಟಾಪಿನೊಳಗೇ ಇರುವ ಲಿಬ್ರೆ ಆಫೀಸ್ ಬ್ಯಾಟರಿ ಮುಗಿಯುವವರೆಗೆ ಏನೂ ಆಗಿಲ್ಲವೆಂಬಂತೆ ಇರುತ್ತದೆ.

ಲಿನಕ್ಸ್ ಕಷ್ಟ ಎನ್ನುವವರ ಮಾತಿಗೆ ಹೆಚ್ಚು ಉತ್ತರ ಬೇಕಾಗಿಲ್ಲ, ಅವರು ಆ ಮಾತನ್ನು ವಾಟ್ಸಾಪಿನಲ್ಲಿ ಕಳಿಸುವ ಆಂಡ್ರಾಯ್ಡ್ ಫೋನಿನ ಹೊಟ್ಟೆಯಲ್ಲಿರುವುದೂ ಲಿನಕ್ಸೇ. ಇಲ್ಲಿನ ಕರೆಂಟ್ ಬಿಲ್ಲನ್ನು ಲೆಕ್ಕ ಹಾಕುವ ಒರುಮ ಎಂಬ ತಂತ್ರಾಂಶವನ್ನೂ ವಿದ್ಯುತ್ ಮಂಡಳಿಯ ನೌಕರರೇ ಮುಕ್ತ ತಂತ್ರಾಂಶಗಳನ್ನು ಬಳಸಿ ಕಟ್ಟಿದ್ದು. ಆ ಬಿಲ್ಲನ್ನು ನೋಡಿ ಇದು ಪುಕ್ಕಟೆ ಸಾಫ್ಟ್‌ವೇರಿನದು, ಕಟ್ಟಬೇಕಾಗಿಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ.

ಹಾಗೆಂದು ಎಲ್ಲರಿಗೂ ಇದೇ ಮದ್ದು ಎಂದರೆ ಅದು ಪ್ರಚಾರವಾಗುತ್ತದೆ. ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿ ಬರೆಯುವವರು ವಿಂಡೋಸಿನಲ್ಲೇ ಇರಲಿ, ಅದಕ್ಕೆ ಸರಿಯಾಗಿ ಹಣವನ್ನೂ ಕೊಡಲಿ. ಕೆಲವು ಆನ್‌ಲೈನ್ ಆಟಗಳು ಲಿನಕ್ಸನ್ನು ಕಂಡರೆ ಒಳಗೆ ಬಿಡುವುದಿಲ್ಲ. ಇದು ದೋಷವೋ ಗುಣವೋ ಎಂಬುದರಲ್ಲಿ ತಂದೆತಾಯಿಗೂ ಮಗನಿಗೂ ಒಮ್ಮತವಿರುವುದಿಲ್ಲ. ವಿಂಡೋಸ್ ಸಮೇತ ಲ್ಯಾಪ್‌ಟಾಪ್ ಬಂದಾಗಿದ್ದರೆ ಅದನ್ನು ಕಿತ್ತೊಗೆಯುವ ಅವಸರವೂ ಬೇಡ. ಅದರ ಬೆಲೆ ಬಿಲ್ಲಿನಲ್ಲಿ ಸೇರಿರುತ್ತದೆ. ಅದರ ಮೇಲೆಯೇ ಲಿಬ್ರೆ ಆಫೀಸ್, ವಿಎಲ್‌ಸಿ, ಫೈರ್‌ಫಾಕ್ಸ್, ಗಿಂಪ್ ಹಾಕಿ, ಪೆನ್‌ಡ್ರೈವಿನ ಹುಡುಗನಿಗೆ ಚಹಾ ಮಾತ್ರ ಕೊಟ್ಟು ಕಳಿಸಿದರೆ ಮುಕ್ಕಾಲು ಕೆಲಸ ಆದಂತೆ. ಇನ್ನೂ ಕೊಳ್ಳಬೇಕಾದವರು ಅಂಗಡಿಯಲ್ಲಿ ಡಾಸ್ ಮಾದರಿ ಇದೆಯೇ ಎಂದು ಕೇಳಲಿ. ವಿಂಡೋಸ್ ಇಲ್ಲದ ಇವು ಕೆಲವು ಸಾವಿರ ರೂಪಾಯಿ ಕಡಿಮೆಗೆ ಸಿಗುತ್ತವೆ. ಅಂಗಡಿಯವರು ತಾವೇ ವಿಂಡೋಸ್ ಹಾಕಿಕೊಡುತ್ತೇವೆ, ಹಣವೇನೂ ಬೇಡ ಎಂದರೆ ನಗುತ್ತಲೇ ಬೇಡ ಎನ್ನಿ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿದು, ವಿಂಡೋಸ್ 11ಕ್ಕೆ ಅರ್ಹತೆ ಸಾಲದೆ ಅಟ್ಟ ಹತ್ತಿದ ಹಳೆಯ ಲ್ಯಾಪ್‌ಟಾಪ್ ಇದ್ದರೆ, ಹೊಸದನ್ನು ಕೊಳ್ಳುವ ಮೊದಲು ಅದನ್ನೇ ಕೆಳಗಿಳಿಸಿ ಹುಡುಗಿಯ ಕೈಗೆ ಕೊಟ್ಟು ನೋಡುವುದು ಇನ್ನೂ ಅಗ್ಗ. ಸರ್ಕಾರಿ, ಅನುದಾನಿತ ಪ್ರೌಢಶಾಲೆಗಳಲ್ಲಿ 2018ರಿಂದ ಲಿಟಲ್ ಕೈಟ್ಸ್ ಎಂಬ ಮಕ್ಕಳ ಕೂಟಗಳಿವೆ, ಲಿನಕ್ಸ್ ಹಾಕಿಕೊಡಲು ದುಬೈಯ ಭಾವನವರೆಗೆ ಹೋಗಬೇಕಾಗಿಲ್ಲ. ಪ್ರಿಂಟರ್ ವಿಷಯದಲ್ಲಿ ಮಾತ್ರ ಎಚ್ಚರ ಇರಲಿ, ಕೆಲವು ಮಾದರಿಗಳು ಲಿನಕ್ಸಿನ ಜೊತೆ ಮಾತುಬಿಟ್ಟು ಕೂರುತ್ತವೆ. ಕೊಳ್ಳುವ ಮೊದಲು ಮಾದರಿಯ ಸಂಖ್ಯೆ ಬರೆದುಕೊಂಡು ಬಂದು ಮನೆಯ ಎಂಟನೇ ತರಗತಿಯವರನ್ನು ಕೇಳಿ.