ಬೆಟ್ಟ ಹತ್ತುವ ಎಂಜಿನ್ನಿನ ದೂರುಗಳು

ಕಾಂಪ್ಯಾಕ್ಟ್ ಎಸ್‌ಯುವಿಯ ಉದ್ದ ನಾಲ್ಕು ಮೀಟರಿನೊಳಗೆ, ಠೀವಿ ಮಾತ್ರ ಲಾರಿಯದು. ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ ಎಂಜಿನ್ 1500 ಸಿಸಿ ಮೀರದಿದ್ದರೆ ತೆರಿಗೆ ಕಡಿಮೆ. ದೂರುಗಳಿಗೆ ಅಂಥ ಮಿತಿಯಿಲ್ಲ.

ಕೊಳ್ಳೇಗಾಲದಂಥ ಪೇಟೆಯಲ್ಲಿ ಡೀಸೆಲ್ ಗಾಡಿಗೆ ಕಾಡುವ ಕಾಯಿಲೆ ಮಸಿ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಗೆಯ ದಾರಿಯಲ್ಲಿ ಡಿಪಿಎಫ್ ಎಂಬ ಜರಡಿ ಕೂತಿದೆ. ಅಲ್ಲಿ ಕೂಡಿದ ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅದಕ್ಕೆ ಗಾಡಿ ಒಂದಷ್ಟು ಹೊತ್ತು ಬಿಡದೆ ಓಡಬೇಕು. ಮಾಲೀಕರು ಓಡಿಸುವುದು ಮನೆಯಿಂದ ಟೀ ಅಂಗಡಿಗೆ. ಎಚ್ಚರಿಕೆಯ ದೀಪ ಹೊತ್ತಿದರೆ ಮೊದಲು ನಿಂಬೆಹಣ್ಣು, ಆಮೇಲೆ ಮೆಕ್ಯಾನಿಕ್. ಮಸಿ ಸುಡುವ ಕೆಲಸ ಅರ್ಧಕ್ಕೇ ನಿಂತಾಗಲೆಲ್ಲ ಒಂದಿಷ್ಟು ಡೀಸೆಲ್ ಎಂಜಿನ್ ಆಯಿಲ್‌ಗೆ ಸೇರಿ, ಕಡ್ಡಿಯಲ್ಲಿ ಮಟ್ಟ ಏರುವುದುಂಟು. ಆಯಿಲ್ ತಾನಾಗಿ ಹೆಚ್ಚಿತೆಂದು ಹಿಗ್ಗುವವರೂ ಇದ್ದಾರೆ!

ಪೆಟ್ರೋಲ್ ಗಾಡಿಯ ಗೋಳು ಹನೂರು ದಾಟಿದ ಮೇಲೆ. ಮಲೆ ಮಹದೇಶ್ವರ ಬೆಟ್ಟದ ತಿರುವುಗಳಲ್ಲಿ, ಐದು ಸೀಟಿನಲ್ಲಿ ಎಂಟು ಜನರನ್ನು ಹೊತ್ತ ಮೂರು ಸಿಲಿಂಡರಿನ ಟರ್ಬೊ ಎಂಜಿನ್ ಏದುಸಿರು ಬಿಡುತ್ತದೆ. ಟರ್ಬೊ ತಿರುಗುವುದು ಹೊರಬೀಳುವ ಹೊಗೆಯ ಒತ್ತಡದಿಂದ. ಎಂಜಿನ್ ನಿಧಾನವಾದರೆ ಒತ್ತಡವೂ ಇಲ್ಲ, ಬಲವೂ ಇಲ್ಲ. ಗೇರ್ ಇಳಿಸಿದರೆ ಸರಿಹೋಗುವ ಈ ತೊಂದರೆಗೆ ‘ಎಂಜಿನ್ ವೀಕು’ ಎಂಬ ತೀರ್ಪು ದಾಸೋಹದ ಸಾಲಿನಲ್ಲೇ ಹೊರಬೀಳುತ್ತದೆ. ಬೆಟ್ಟದೊಡೆಯ ಮಾದಪ್ಪನ ವಾಹನವಾದ ಹುಲಿಗೆ ಗೇರಿನ ಗೊಡವೆಯಿರಲಿಲ್ಲ.

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದವರ ದೂರು ಇಳಿಯುವಾಗಿನದು. ಉಳಿತಾಯವೆಂದು ನ್ಯೂಟ್ರಲ್‌ನಲ್ಲಿ ಇಳಿದರೆ ಎಂಜಿನ್ ಇಂಧನ ಕುಡಿಯುತ್ತಲೇ ಇರುತ್ತದೆ, ಬ್ರೇಕೂ ಕಾಯುತ್ತದೆ. ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನ ತಾನೇ ನಿಲ್ಲುತ್ತದೆ.