ಹೊಳಿಮೀನ ಕಾಕಾ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಊರಿಗೊಬ್ಬರಾದರೂ ಇಂಥವರು ಇದ್ದೇ ಇರುತ್ತಾರೆ. ಮಾಸ್ತರಿರಬಹುದು, ಸೊಸೈಟಿಯ ಸೆಕ್ರೆಟರಿ ಇರಬಹುದು, ಕಿರಾಣಿ ಅಂಗಡಿಯವರೂ ಇರಬಹುದು. ಗುರುತು ಹಿಡಿಯುವುದು ಸುಲಭ. ಪ್ಯಾಂಟು ಮೊಣಕಾಲತನಕ ಒದ್ದೆ. ಗಾಡಿಯ ಹ್ಯಾಂಡಲ್ಲಿಗೆ ಮುಚ್ಚಳ ತೂತು ಕೊರೆದ ಎಣ್ಣೆಯ ಕ್ಯಾನು. ಸೀಟಿನ ಕೆಳಗಿನ ಡಬ್ಬಿಯಲ್ಲಿ, ಮನೆಯವರು ಕಳೆದುಹೋಯಿತೆಂದು ಹುಡುಕುತ್ತಿರುವ ಚಹಾ ಸೋಸುವ ಜಾಳಿಗೆ. ಮನೆತನ ಶುದ್ಧ ಶಾಕಾಹಾರಿ. ಓಣಿಯಲ್ಲಿ ಯಾರಾದರೂ ಮೀನು ಹುರಿದರೆ ಊದಿನಕಡ್ಡಿ ಹಚ್ಚುವ ಮಂದಿ. ಆದರೆ ಪಡಸಾಲೆಯಲ್ಲಿ ಮೂರಡಿ ಗಾಜಿನ ತೊಟ್ಟಿ. ಕೇಳಿದರೆ, "ತಿನ್ನಾವರಿಗೇನ ಗೊತ್ತರೀ ಮೀನಿನ ಚಂದ?"

ಮೊದಮೊದಲು ಕಾಕಾ ಕೂಡ ಎಲ್ಲರಂತೆ ಗಪ್ಪಿ, ಏಂಜೆಲ್ ಸಾಕಿಕೊಂಡು ಸುಮ್ಮನಿದ್ದವರೇ. ಒಂದು ರಾತ್ರಿ ಮೊಬೈಲಿನಲ್ಲಿ ಅದೇನು ನೋಡಿದರೋ, ಬೆಳಗಾಗುವುದರೊಳಗೆ ಸ್ವದೇಶಿ ಆಗಿದ್ದರು. "ಏಂಜೆಲ್ ಅಮೆಜಾನಿಂದು, ಗಪ್ಪಿ ಟ್ರಿನಿಡಾಡ್ ಕಡೀದು. ಘಟಪ್ರಭಾದಾಗ ಮೀನ ಇಲ್ಲೇನು?" ಅಂದಿನಿಂದ ಹಾಲು ಹಾಕುವವನಿಗೂ ಬಿಡುವಿಲ್ಲ. ಮೈಸೂರು ಸೀಮೆ ಸುತ್ತಿದ ಬುಕಾನನ್ ಸಾಹೇಬನೇ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಲ್ಲಿ ಗಂಗೆಯ ಮೀನುಗಳ ಮೇಲೆ ಪುಸ್ತಕ ಬರೆದದ್ದು, 1822ರ ಆ ಪುಸ್ತಕದಲ್ಲಿ ಜೀಬ್ರಾಮೀನು ಬಂದದ್ದು, ಅದೀಗ ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಈಜಾಡುವುದು, ಇಷ್ಟನ್ನೂ ಕೇಳಿಸಿಕೊಂಡ ಮೇಲೆಯೇ ಅವನ ತಿಂಗಳ ಬಾಕಿ ಚುಕ್ತಾ.

ಹೊಳೆಯ ಮೇಲೆ ಕಾಕಾನಿಗೆ ಬಳಗದವರ ಸಲಿಗೆ. "2019ರಾಗ ಹೊಳಿ ತಾನ ಊರೊಳಗ ಬಂದು ನಮ್ಮನ್ನ ಮಾತಾಡಿಸಿ ಹೋಗೇತಿ. ನಾವೂ ಒಮ್ಮೆ ಹೋಗಿ ಬರಬೇಕಲ್ಲ?" ಮಳೆಗಾಲದಲ್ಲಿ ಮಾತ್ರ ಹೋಗುವುದಿಲ್ಲ. ಗೋಕಾಕ ಜಲಪಾತದಲ್ಲಿ 170 ಅಡಿಯಿಂದ ಕೆಂಪು ನೀರು ಧುಮುಕುವಾಗ ಅಲ್ಲಿ ಚಹಾ ಜಾಳಿಗೆಗೆ ಕೆಲಸವಿಲ್ಲ. ಅಬ್ಬರ ಇಳಿದು ಬಂಡೆಗಳ ನಡುವೆ ಗುಂಡಿಗಳು ಉಳಿದಾಗ ಕಾಕಾನ ಸುಗ್ಗಿ. ಅದಕ್ಕಿಂತ ದೊಡ್ಡ ಸುಗ್ಗಿ ಧೂಪದಾಳದಿಂದ ಬರುವ ಕಾಲುವೆಯ ನೀರು ಬಂದ್ ಆದಾಗ. ನೀರು ಎಂದು ನಿಲ್ಲುತ್ತದೆಂಬುದು ಕಬ್ಬಿನವರಿಗಿಂತ ಮೊದಲು ಕಾಕಾನಿಗೆ ಗೊತ್ತು. ಆದರೆ ಕಾಕಾ ಹೋಗುವುದರೊಳಗೆ ಒಂದೊಂದು ಗುಂಡಿಯನ್ನೂ ಒಬ್ಬೊಬ್ಬ ಹುಡುಗ ಹಿಡಿದಿರುತ್ತಾನೆ.

"ಚಂದಂದಕ್ಕ ಹತ್ತ ರೂಪಾಯಿ ಕಾಕಾ, ಕಚ್ಚೂದಕ್ಕ ಇಪ್ಪತ್ತು."

ಕಾಕಾ ಕಚ್ಚುವುದನ್ನೇ ಕೊಳ್ಳುತ್ತಾರೆ.

ಹೀಗೆ ಮನೆಗೆ ಬಂದವು: ಬಾಲದ ಬುಡದಲ್ಲಿ ಕರಿಚುಕ್ಕೆಯ ಬೆಳ್ಳಿ ಬಣ್ಣದ ಪುಂಟಿಯಸ್, ಮೈಯುದ್ದಕ್ಕೂ ಕಪ್ಪು ಗೆರೆಯ ರಾಸ್ಬೋರಾ, ಬಾಯಿಯ ಕೆಳಗಿನ ಬಿಲ್ಲೆಯಿಂದ ಕಲ್ಲಿಗೆ ಕಚ್ಚಿಕೊಳ್ಳುವ ಗಾರ್ರಾ, ಮೈಯೊಳಗಿನ ಎಲುಬೆಲ್ಲ ಕಾಣುವ ಗಾಜುಮೀನು, ಒಂದು ಹಾವುಮೀನು, ಬೆರಳುದ್ದದ ಒಂದು ಕೊರವನ ಮರಿ.

ಹೊಳೆಯ ಮೀನನ್ನು ತಂದ ಕೂಡಲೇ ತೊಟ್ಟಿಗೆ ಬಿಡಬಾರದು. ತಿಂಗಳೊಪ್ಪತ್ತು ಬೇರೆ ತೊಟ್ಟಿಯಲ್ಲಿಟ್ಟು ಮೀನುಹೇನು, ಆಂಕರ್ ಹುಳ, ಬಿಳಿಚುಕ್ಕೆ ಏನಾದರೂ ಇದೆಯೇ ನೋಡಬೇಕು. ಇದು ಕಾಕಾನಿಗೆ ಗೊತ್ತಿಲ್ಲವೆಂದಲ್ಲ, ಊರಿಗೆಲ್ಲ ಹೇಳಿಕೊಟ್ಟವರೇ ಅವರು. ಆದರೆ ಸಂಜೆಗೆ ಮೀನು ನೋಡಲು ಓಣಿಯವರನ್ನೆಲ್ಲ ಆಗಲೇ ಕರೆದಾಗಿದೆ. "ಬಂದ ಬೀಗರನ್ನ ತಿಂಗಳಗಟ್ಟಲೆ ಹೊರಗ ಕಟ್ಟಿ ಮ್ಯಾಲ ಕುಂಡ್ರಸ್ತೀರೇನ್ರಿ?" ಎಂದು ಕ್ಯಾನು ಬಗ್ಗಿಸಿಯೇ ಬಿಟ್ಟರು.

ಎಂಟು ದಿನದಲ್ಲಿ ಏಂಜೆಲ್ಲಿನ ರೆಕ್ಕೆಯ ಮೇಲೆ ಉಪ್ಪಿನ ಹರಳಿನಂಥ ಚುಕ್ಕೆ. ಬಿಳಿಚುಕ್ಕೆಯ ಜೀವಿ ಬಲು ಜಾಣ. ಮೀನಿನ ಚರ್ಮದೊಳಗೆ ಅಡಗಿರುವತನಕ ಔಷಧಿ ಅದಕ್ಕೆ ತಾಗುವುದಿಲ್ಲ. ಉದುರಿ, ಮರಿಯಾಗಿ, ನೀರಿನಲ್ಲಿ ತೇಲುವಾಗಲೇ ಹಿಡಿಯಬೇಕು. ಅದಕ್ಕೇ ಚುಕ್ಕೆ ಮಾಯವಾದ ಮೇಲೂ ಕೆಲವು ದಿನ ಉಪ್ಪು, ಶಾಖ ಬಿಡಬಾರದು. ಕಾಕಾ ಚುಕ್ಕೆ ಮಾಯವಾದ ದಿನವೇ ಬಿಟ್ಟರು, ಅದು ಮರಳಿ ಬಂತು. ಮತ್ತೆ ಉಪ್ಪಿನ ಪುಡಿಕೆ ಬಿಚ್ಚುವಾಗ ಪಕ್ಕದ ಮನೆಯ ಮೀನೂಟದ ಅಜ್ಜಿ ಇಣುಕಿ ನೋಡಿ, "ಉಪ್ಪ ಆತು. ಇನ್ನ ಖಾರಪುಡಿ, ಅರಿಶಿಣ ಅಷ್ಟ ಅಲ್ಲಪಾ?" ಎಂದಳು.

"ಹೊಳಿಗೆ ಒಯ್ದು ಬಿಟ್ಟ ಬರ್ರಿ" ಎಂದರು ಕಾಕು. ಇದೊಂದಕ್ಕೆ ಕಾಕಾ ಒಪ್ಪಲಿಲ್ಲ, ಸರಿಯಾಗಿಯೇ ಒಪ್ಪಲಿಲ್ಲ. ತೊಟ್ಟಿಯ ರೋಗ ಹೊತ್ತ ಮೀನು ಹೊಳೆಗೆ ಹೋದರೆ ಹೊಳೆಗೇ ಅಂಟುತ್ತದೆ. ಪರದೇಶದ ಮೀನನ್ನು ಬಿಟ್ಟರಂತೂ ಕೇಳುವುದೇ ಬೇಡ. 1952ರಲ್ಲಿ ದೇಶಕ್ಕೆ ಬಂದ ತಿಲಾಪಿಯಾ ಇವತ್ತು ಯಾವ ಕೆರೆಯಲ್ಲಿಲ್ಲ? ಕಾಕಾನ ಎಲ್ಲ ಭಾಷಣಗಳಲ್ಲಿ ನಾನು ತಲೆಯಾಡಿಸುತ್ತ ಕೇಳಿದ್ದು ಇದೊಂದನ್ನೇ. ಉಳಿದವಕ್ಕೂ ತಲೆಯಾಡಿಸಿದ್ದೇನೆ, ಚಹಾ ಬರುವತನಕ.

ಇನ್ನು ಊಟದ ಕಥೆ. ಹೊಳೆಯಲ್ಲಿ ಬೆಳೆದವು ಅಂಗಡಿಯ ಕಾಳು ಮುಟ್ಟಲೊಲ್ಲವು, ಓಡಾಡುವುದೇ ಬೇಕು. ಹಿತ್ತಲಿನ ಬಕೆಟ್ಟಿನಲ್ಲಿ ಕಾಕಾ ಸೊಳ್ಳೆಮರಿ ಬೆಳೆಸಿದರು. ಆಗಲೇ ಡೆಂಗಿ ಸರ್ವೆಗೆ ಆಶಾ ಕಾರ್ಯಕರ್ತೆ ಬಂದಳು. ಇಲಾಖೆಯವರು ಸೊಳ್ಳೆಮರಿ ತಿನ್ನಲೆಂದು ಹೊಂಡಗಳಿಗೆ ಗಪ್ಪಿ ಬಿಡುತ್ತಿದ್ದರೆ, ಇಲ್ಲಿ ಮೀನು ತಿನ್ನಲೆಂದು ಸೊಳ್ಳೆಯದೇ ಬೇಸಾಯ! ಬಕೆಟ್ಟು ಗಟಾರಕ್ಕೆ ಹೋಯಿತು. ಕಾಕಾ ಎರೆಹುಳಕ್ಕೆ ಇಳಿದರು. ತಂಪಿರಲೆಂದು ಫ್ರಿಜ್ಜಿನಲ್ಲಿ, ಕರದಂಟಿನ ಖಾಲಿ ಡಬ್ಬಿಯಲ್ಲಿ ಇಟ್ಟರು. ಹುಬ್ಬಳ್ಳಿಯಿಂದ ಬಂದ ಬೀಗರು ಆ ಡಬ್ಬಿಯನ್ನು ತಾವೇ ತೆಗೆದ ಮೇಲೆ ಮಾತುಕತೆ ಬರೀ ಫೋನಿನಲ್ಲೇ.

ತೊಟ್ಟಿಯಲ್ಲೂ ಸುಖವಿಲ್ಲ. ಗಾಜುಮೀನು ನೋಡಲು ಸಾಧು, ಆದರೆ ಪಕ್ಕದವರ ಮೈಯ ಹುರುಪೆ ಕಿತ್ತು ತಿನ್ನುವುದು ಅದರ ಚಟ. ಹರಿಯುವ ನೀರಿನ ಗಾರ್ರಾಕ್ಕೆ ಗಾಳಿಯ ಮೋಟರು ಬೇಕು, ಮೋಟರಿಗೆ ಕರೆಂಟು ಬೇಕು. 1887ರಲ್ಲೇ ಜಲಪಾತದ ಬಲದಿಂದ ನೂಲಿನ ಗಿರಣಿ ಓಡಿಸಿದ ಸೀಮೆಯಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಯಿತು, ಗಾರ್ರಾವೂ ಹೋಯಿತು. ಹಾವುಮೀನು ಮುಚ್ಚಳದ ಸಂದಿಯಿಂದ ಪಾರಾಗಿ ಸೋಫಾದ ಕೆಳಗೆ ಒಣಗಿ ಸಿಕ್ಕಿತು. ಉಳಿದವು ದಿನಕ್ಕೊಂದರಂತೆ ಲೆಕ್ಕ ತಪ್ಪತೊಡಗಿದವು. ಕೊರವನ ಮರಿ ಮಾತ್ರ ಗೇಣುದ್ದವಾಯಿತು. ನೀರು ಕೆಟ್ಟರೂ ಮೇಲೆ ಬಂದು ಗಾಳಿ ಗುಟುಕರಿಸುವ ಜಾತಿ, ಕರೆಂಟಿನ ಹಂಗಿಲ್ಲ.

ಮೊನ್ನೆ ಹೋದಾಗ ಮೂರಡಿ ತೊಟ್ಟಿಯಲ್ಲಿ ಅದೊಂದೇ ಓಡಾಡುತ್ತಿತ್ತು.

"ಉಳದಾವೆಲ್ಲ ಎಲ್ಲಿ ಹೋದುವು ಕಾಕಾ?"

"ಒಳಗ ಅದಾವ" ಎಂದು ಕೊರವನ ಹೊಟ್ಟೆ ತೋರಿಸಿದರು. "ಮೊದಲ ಭಾಳ ಕಚ್ಚಾಡ್ತಿದ್ದುವು. ಈಗ ನೋಡ, ಎಲ್ಲಾರೂ ಹೆಂಗ ಒಂದಾಗಿ ಅದಾರ."