ಪಕ್ಕ ಅಲ್ಲ, ಪಾಕ್ಕಂ

2012ರಲ್ಲಿ ಮದ್ರಾಸಿಗೆ ವರ್ಗವಾದಾಗ ಆಫೀಸಿನ ಹಿರಿಯರೊಬ್ಬರು ಬಾಡಿಗೆ ಮನೆ ಸಿಗುವ ಜಾಗಗಳ ಪಟ್ಟಿಯೊಂದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ ಕೈಗಿತ್ತರು. ಕೋವಿಲಂಬಾಕ್ಕಂ, ಸೆಂಬಾಕ್ಕಂ, ಮಾಡಂಬಾಕ್ಕಂ, ಚಿಟ್ಲಪಾಕ್ಕಂ, ಊರಪಾಕ್ಕಂ. ಇಂಗ್ಲಿಷಿಗೆ ಹ್ರಸ್ವ ದೀರ್ಘಗಳ ಹಂಗಿಲ್ಲ. ನನ್ನ ಕಣ್ಣಿಗೆ ಎಲ್ಲದರ ಬಾಲದಲ್ಲೂ ಕಂಡದ್ದು ಒಂದೇ: ಪಕ್ಕ. ಕೋವಿಲ್ ಪಕ್ಕ ಅಂದರೆ ದೇವಸ್ಥಾನದ ಮಗ್ಗುಲು. ಊರ ಪಕ್ಕ ಅಂದರೆ ಊರಿಗೆ ಅಂಟಿಕೊಂಡೇ ಇರುವಂಥದ್ದು. ಇಷ್ಟು ದೊಡ್ಡ ಪಟ್ಟಣದಲ್ಲಿ ಎಲ್ಲವೂ ಪಕ್ಕಪಕ್ಕದಲ್ಲೇ ಇದೆಯಲ್ಲ ಎಂದು ಹೆಂಡತಿಗೆ ಫೋನು ಮಾಡಿ ಹೇಳಿದೆ. ಆಕೆಗೂ ಸಂತೋಷವಾಯಿತು.

ಊರ ಪಕ್ಕವನ್ನೇ ಮೊದಲು ನೋಡೋಣವೆಂದು ಒಂದು ಭಾನುವಾರ ಬೀಚ್ ಸ್ಟೇಷನ್ನಿನಲ್ಲಿ ರೈಲು ಹತ್ತಿದೆ. ಇಲ್ಲಿನವರು ಅದನ್ನು ಎಲೆಕ್ಟ್ರಿಕ್ ಟ್ರೈನ್ ಎನ್ನುತ್ತಾರೆ. 1931ರಲ್ಲಿ ಬೀಚ್‌ನಿಂದ ತಾಂಬರಂವರೆಗೆ ಕರೆಂಟಿನ ರೈಲು ಓಡಿದಾಗ ಹುಟ್ಟಿದ ಬೆರಗು ಇನ್ನೂ ಆರಿಲ್ಲವೇನೋ. ಎಗ್ಮೋರ್ ಹೋಯಿತು, ಮಾಂಬಲಂ ಹೋಯಿತು, ಗಿಂಡಿ ಹೋಯಿತು. ವಿಮಾನ ನಿಲ್ದಾಣವೂ ಹೋಯಿತು. ಎದುರು ಕೂತಿದ್ದವರನ್ನು ಕೇಳಿದೆ. "ಇನ್ನೂ ಇದೆ" ಎಂದರು. ತಾಂಬರಂ ಬಂದು ಮುಕ್ಕಾಲು ರೈಲು ಖಾಲಿಯಾಯಿತು. ವಂಡಲೂರು ಬಂತು. ಹುಲಿ ಸಿಂಹಗಳಿಗೆ ಸಿಟಿಯೊಳಗೆ ಜಾಗ ಸಾಲದೆಂದು 1985ರಲ್ಲಿ ದೊಡ್ಡ ಮೃಗಾಲಯ ಮಾಡಿಕೊಟ್ಟ ಊರು ಅದು. ಅದನ್ನೂ ದಾಟಿದ ಮೇಲೆ ಊರಪಾಕ್ಕಂ. ಹುಲಿಗಿಂತ ಆಚೆ ಮನೆ ಮಾಡಲು ಧೈರ್ಯವಾಗದೆ ಅದೇ ಪ್ಲಾಟ್‌ಫಾರ್ಮಿನ ಎದುರು ಬದಿಗೆ ದಾಟಿ ವಾಪಸು ರೈಲು ಹತ್ತಿದೆ. ಸ್ಟೇಷನ್ ಹೊರಗಿನ ಅಂಗಡಿ ಬೋರ್ಡಿನ ಪಿನ್‌ಕೋಡು 603ರಿಂದ ಶುರುವಾಗಿತ್ತು. ಚೆನ್ನೈನವರ ಮಾನವೆಲ್ಲ ಇರುವುದು 600ರಲ್ಲಿ.

ಕೊನೆಗೆ ಗೊತ್ತಾದದ್ದು ಚಿಟ್ಲಪಾಕ್ಕಂನಲ್ಲಿ ಒಂದು ಕೆಳಗಿನ ಮನೆ. ಮೇಲಿನ ಮನೆಯಲ್ಲಿ ಮಾಲೀಕರು, ನಿವೃತ್ತ ತಮಿಳು ಮೇಷ್ಟ್ರು. ಬೀದಿಯವರೆಲ್ಲ ಅವರನ್ನು 'ವಾದ್ಯಾರ್' ಎನ್ನುತ್ತಿದ್ದರು. ನನ್ನ ಪಕ್ಕದ ಸಿದ್ಧಾಂತವನ್ನು ಅವರ ಮುಂದಿಟ್ಟೆ. ಅವರು ನಗಲಿಲ್ಲ. ಮೇಷ್ಟ್ರುಗಳು ತಪ್ಪು ಉತ್ತರಕ್ಕೆ ನಗುವುದಿಲ್ಲ, ತಿದ್ದುತ್ತಾರೆ. "ಪಕ್ಕಂ ಎಂದರೆ ಮಗ್ಗುಲು, ಸರಿ. ನಮ್ಮ ಊರುಗಳ ಹೆಸರಿನಲ್ಲಿರುವುದು ಪಾಕ್ಕಂ. ದೀರ್ಘ. ನೀರಿನ ಅಂಚಿನ ಊರು ಎಂದು ಹಳೆಯ ಅರ್ಥ." ಹೈಸ್ಕೂಲಿನಲ್ಲಿ ಛಂದಸ್ಸಿನ ಪ್ರಸ್ತಾರ ಹಾಕುವಾಗ ಒಂದು ದೀರ್ಘವನ್ನು ಹ್ರಸ್ವ ಮಾಡಿದ್ದಕ್ಕೆ ನಾನು ಕಳೆದುಕೊಂಡದ್ದು ಅರ್ಧ ಅಂಕ. ಇಲ್ಲಿ ಅದೇ ತಪ್ಪಿಗೆ ಮೂವತ್ತು ಚಿಲ್ಲರೆ ಕಿಲೋಮೀಟರ್.

ಮನೆ ಸಿಕ್ಕಿದ ಸುದ್ದಿಯನ್ನು ಊರಿಗೆ ತಿಳಿಸುವುದೂ ಸುಲಭವಿರಲಿಲ್ಲ. ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕೋ ಎಂದು ಅಮ್ಮ ಕೇಳಿದರು. "ಸ್ಯಾನಟೋರಿಯಂ" ಎಂದೆ. ಫೋನಿನ ಆ ತುದಿ ಸ್ತಬ್ಧವಾಯಿತು. ಸ್ವಲ್ಪ ಹೊತ್ತಿನ ಮೇಲೆ "ಕೆಮ್ಮು ಎಷ್ಟು ದಿನದಿಂದ?" ಎಂದು ಕೇಳಿಸಿತು. ಡಾಕ್ಟರ್ ಚೌರಿ ಮುತ್ತು ಎಂಬವರು 1928ರಲ್ಲಿ ಕ್ಷಯರೋಗಿಗಳಿಗಾಗಿ ಅಲ್ಲಿ ಆಸ್ಪತ್ರೆ ಕಟ್ಟಿದರು, ಅದರ ಹೆಸರು ರೈಲ್ವೆ ಸ್ಟೇಷನ್ನಿಗೆ ಬಂತು, ನನ್ನ ಶ್ವಾಸಕೋಶಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಎಷ್ಟು ಬಿಡಿಸಿ ಹೇಳಿದರೂ ಅಮ್ಮ ಆಡುಸೋಗೆ ಕಷಾಯದ ಪುಡಿ ಕಳಿಸುವುದನ್ನು ನಿಲ್ಲಿಸಲಿಲ್ಲ. ಇನ್ನು ಮುಂದೆ ಹಿಂದಿನ ಸ್ಟೇಷನ್ ಹೇಳಿದರಾಯಿತೆಂದು ಅಕ್ಕನ ಮಗನಿಗೆ "ಕ್ರೋಮ್‌ಪೇಟ್" ಎಂದೆ. "ಗೂಗಲ್‌ನೋರ ಆಫೀಸು ಅಲ್ಲೇನಾ ಮಾವ?" ಎಂದ. ಚರ್ಮ ಹದ ಮಾಡುವ ಕ್ರೋಮ್ ಲೆದರ್ ಕಂಪನಿಯಿಂದ ಬಂದ ಹೆಸರು ಅದು ಎಂದಾಗ ಅವನಿಗೆ ನನ್ನ ಮೇಲಿದ್ದ ಗೌರವ ಒಂದು ಹದಕ್ಕೆ ಇಳಿಯಿತು. ಕ್ರೋಮ್‌ಪೇಟೆಯ ಮಗ್ಗುಲಲ್ಲೇ ಹಸ್ತಿನಾಪುರಂ ಎಂಬ ಬಡಾವಣೆ ಇದೆ. ಅದನ್ನು ಭಾವನವರಿಗೆ ಹೇಳಬಾರದಿತ್ತು. ತಿಪಟೂರಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವರು, ಪ್ರತಿ ಫೋನಿನಲ್ಲೂ "ಹಸ್ತಿನಾವತಿಯ ಸಮಾಚಾರವೇನು?" ಎಂದೇ ಶುರು ಮಾಡುತ್ತಿದ್ದರು.

ಉಚ್ಚಾರಣೆಯ ಕಷ್ಟ ಬೇರೆ. ಪುೞಲ್, ಪೞವಂತಾಂಗಲ್, ಕೀೞ್‌ಕಟ್ಟಳೈ, ಪೊೞಿಚ್ಚಲೂರ್ ಎಂದು ನಾಲಗೆಯನ್ನು ಮಡಿಸಿ ಹಿಂದಕ್ಕೆ ಕಳಿಸುವ ಊರುಗಳು ಸುತ್ತಮುತ್ತ. ಈ ೞ ಒಂದು ಕಾಲಕ್ಕೆ ನಮ್ಮದೂ ಆಗಿತ್ತು. ವೈಯಾಕರಣ ಕೇಶಿರಾಜ ಅದು ಬರುವ ಪದಗಳನ್ನು ಪಟ್ಟಿ ಮಾಡಿಟ್ಟುಹೋದ. ನಾವು ಪಟ್ಟಿಯನ್ನು ಉಳಿಸಿಕೊಂಡು ಅಕ್ಷರವನ್ನು ಕಳೆದುಕೊಂಡೆವು. ತಮಿಳರು ಹಿರಿಯರ ಪಾತ್ರೆಪಡಗ ಮಾರದ ಮನೆಯವರಂತೆ ಇನ್ನೂ ದಿನನಿತ್ಯ ಬಳಸುತ್ತಾರೆ. ಬಸ್ಸಿನಲ್ಲಿ "ಪಳವಂತಾಂಗಲ್ ಒಂದು" ಎಂದರೆ ಕಂಡಕ್ಟರು ಟಿಕೆಟ್ಟಿನ ಜೊತೆ ಉಚ್ಚಾರಣೆಯನ್ನೂ ಹರಿದುಕೊಡುತ್ತಿದ್ದರು.

ಆದರೆ ನನ್ನನ್ನು ನಿಜಕ್ಕೂ ಮುಳುಗಿಸಿದ್ದು ಕಷ್ಟದ ಅಕ್ಷರವಲ್ಲ, ತೀರ ಸುಲಭದ ಒಂದು ಮಾತು.

ನಮ್ಮದು ಏರಿಕ್ಕರೈ ಬೀದಿ. ಮದ್ರಾಸಿನ ಹೊರವಲಯದಲ್ಲಿ ಈ ಹೆಸರಿನ ಬೀದಿ ಹುಡುಕಬೇಕಿಲ್ಲ, ತಪ್ಪಿಸಿಕೊಳ್ಳುವುದೇ ಕಷ್ಟ. ಕನ್ನಡ ಕಿವಿಗೆ ಅದು ಕೇಳಿಸಿದ್ದು 'ಏರಿ' ಮತ್ತು 'ಕೆರೆ'. ಕೆರೆ ಏರಿಯ ಮೇಲೆ ಮನೆ! ನಮ್ಮ ಕಡೆ ಏರಿ ಎಂದರೆ ಎತ್ತರದ ಜಾಗ, ಗಾಡಿ ಹೋಗುವಷ್ಟು ಭದ್ರವಾದ ಮಣ್ಣಿನ ಕಟ್ಟೆ. ಎಷ್ಟೇ ಮಳೆ ಬಂದರೂ ನೀರು ಕೆಳಗೆ, ನಾವು ಮೇಲೆ. "ಕೆರೆ ಏರಿ ಮೇಲೆ ಮನೆ ಸಿಕ್ಕಿದೆ ಭಾವ, ಗಾಳಿಯೋ ಗಾಳಿ" ಎಂದು ಅವರಿಗೂ ವರದಿ ಒಪ್ಪಿಸಿದೆ. "ಭೇಷ್, ಅಡ್ರೆಸ್ಸು ಮರೆಯೋ ಹಾಗೇ ಇಲ್ಲ" ಎಂದರು.

2015ರ ಡಿಸೆಂಬರ್ 1ರ ರಾತ್ರಿ ಬಾಗಿಲ ಸಂದಿಯಿಂದ ಮೊದಲು ಒಳಗೆ ಬಂದದ್ದು ಎದುರುಮನೆಯವರ ಚಪ್ಪಲಿ. ಒಂಟಿ ಚಪ್ಪಲಿ. ಹಿಂದೆಯೇ ನೀರು. ಅರ್ಧ ಗಂಟೆಯಲ್ಲಿ ಖಾಲಿ ಸಿಲಿಂಡರು ಅಡುಗೆಮನೆಯಿಂದ ಎದ್ದು ಹಾಲಿಗೆ ನಿಧಾನವಾಗಿ ತೇಲಿ ಬಂದು, ನೆಂಟರಂತೆ ಸೋಫಾದ ಪಕ್ಕ ನಿಂತಿತು. ಹೆಂಡತಿ ಕಾಗದಪತ್ರದ ಟ್ರಂಕನ್ನೂ ನಾನು ಮಿಕ್ಸಿಯನ್ನೂ ಹೊತ್ತು ಮೆಟ್ಟಿಲೇರಿದೆವು. ಮಿಕ್ಸಿಯನ್ನೇ ಏಕೆ ಹೊತ್ತೆ ಎಂಬುದಕ್ಕೆ ನನ್ನಲ್ಲಿ ಇವತ್ತಿಗೂ ಉತ್ತರವಿಲ್ಲ. ಕರೆಂಟಿಲ್ಲದ ಮೂರು ದಿನ ವಾದ್ಯಾರ್ ಮನೆಯಲ್ಲಿ ಅವರ ಅನ್ನ, ಅವರ ರಸಂ, ನಮ್ಮ ಮಿಕ್ಸಿ.

ಮೇಣದಬತ್ತಿಯ ಬೆಳಕಿನಲ್ಲಿ ನನ್ನ ಅಳಲು ತೋಡಿಕೊಂಡೆ: ಏರಿಯ ಮೇಲಿನ ಮನೆಗೆ ನೀರು ಹೇಗೆ ಬರುತ್ತದೆ ಸಾರ್? ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ತಮಿಳಿನಲ್ಲಿ ಏರಿ ಎಂದರೇ ಕೆರೆ. ಕರೈ ಎಂದರೆ ದಡ. ನಮ್ಮಲ್ಲಿ ಕೆರೆ ಎಂದರೆ ನೀರು, ಏರಿ ಎಂದರೆ ಕಟ್ಟೆ. ಅಣ್ಣತಮ್ಮಂದಿರು ಪಾಲಾಗುವಾಗ ಪಂಚೆ ಅದಲುಬದಲಾದ ಹಾಗೆ ಆಗಿದೆ. ನಾನು ಮೂರು ವರ್ಷದಿಂದ ಕಟ್ಟೆಯೆಂದುಕೊಂಡು ನೆಮ್ಮದಿಯಾಗಿದ್ದದ್ದು ಕೆರೆಯ ಹೆಸರಿನಲ್ಲಿ. ಪಾಕ್ಕಂ ಎಂದರೆ ನೀರಿನ ಅಂಚಿನ ಊರೆಂದು ಅವರು ಮೊದಲ ದಿನವೇ ಹೇಳಿದ್ದರು. ಪಾಠ ಕೇಳಿಸಿಕೊಂಡಿದ್ದೆ, ಗಮನ ಕೊಟ್ಟಿರಲಿಲ್ಲ.

ಹಾಗೆ ನೋಡಿದರೆ ಇದು ಹೊರವಲಯದ ರೋಗವೇನೂ ಅಲ್ಲ. ಈಗ ಊರಿನ ಹೊಟ್ಟೆಯಲ್ಲಿರುವ ಟಿ. ನಗರ 1920ರ ದಶಕದಲ್ಲಿ ಎದ್ದದ್ದೇ ಮಾಂಬಲದ ಉದ್ದನೆಯ ಕೆರೆಯ ಅಂಗಳದಲ್ಲಿ. ರೈಲು ಹಳಿಯ ಆಚೆ ಪಶ್ಚಿಮ ಮಾಂಬಲದಲ್ಲಿ ಇವತ್ತಿಗೂ ಲೇಕ್ ವ್ಯೂ ರೋಡ್ ಇದೆ. ವ್ಯೂ ಇದೆ, ಲೇಕ್ ಇಲ್ಲ. ಅಲ್ಲಿನವರು ನಮ್ಮನ್ನು ಕೆರೆಯಲ್ಲಿ ಮನೆ ಕಟ್ಟಿದವರೆಂದು ಮೂದಲಿಸುವಾಗ ನನಗೆ ನಗು ಬರುತ್ತದೆ. ನಗರಪಾಲಿಕೆಯ ಗಡಿಯದು ಇನ್ನೊಂದು ಕತೆ. 1688ರಲ್ಲಿ ಹುಟ್ಟಿದ ಪಾಲಿಕೆ 2011ರಲ್ಲಿ 174 ಚದರ ಕಿಲೋಮೀಟರಿನಿಂದ ಒಮ್ಮೆಗೇ 426ಕ್ಕೆ ಹಿಗ್ಗಿತು, ಆದರೂ ಚಿಟ್ಲಪಾಕ್ಕಂ ಒಳಗೆ ಬರಲಿಲ್ಲ. 2021ರಲ್ಲಿ ತಾಂಬರಂಗೇ ಬೇರೆ ಪಾಲಿಕೆ ಮಾಡಿ ನಮ್ಮನ್ನು ಅದಕ್ಕೆ ಸೇರಿಸಿದರು. ಈಗ ನಾನು ಪಿನ್‌ಕೋಡಿನ ಪ್ರಕಾರ ಚೆನ್ನೈನವನು, ಕಂದಾಯದ ಪ್ರಕಾರ ತಾಂಬರಂನವನು, ಭಾವನವರ ಪ್ರಕಾರ ಹಸ್ತಿನಾವತಿಯವನು.

ನೀರಿಳಿದ ಮೇಲೆ ಹಾಳಾದ ಸಾಮಾನಿಗೆ ಬದಲಿ ತರಲು ಹೋದದ್ದು ಪಲ್ಲಾವರದ ಶುಕ್ರವಾರದ ಸಂತೆಗೆ. ಪಾರಿವಾಳ, ಗುಲಾಬಿ ಗಿಡ, ಕೀಲಿಯಿಲ್ಲದ ಬೀಗ, ಬೀಗವಿಲ್ಲದ ಕೀಲಿ, ಒಂದೇ ಕಾಲಿನ ಷೂ, ಯಾರದೋ ಮದುವೆಯ ಫೋಟೋ ಇನ್ನೂ ಒಳಗಿರುವ ಫ್ರೇಮು. ಅಲ್ಲಿ ಇಲ್ಲದ ವಸ್ತುವಿಲ್ಲ, ಪೂರ್ತಿಯಾಗಿರುವ ವಸ್ತುವೂ ಇಲ್ಲ. ನಾನೊಂದು ಟೇಬಲ್ ಫ್ಯಾನ್ ಕೊಂಡೆ. ಅದು ಎಡಕ್ಕೆ ತಿರುಗುತ್ತದೆ, ಬಲಕ್ಕೆ ಬರುವುದಿಲ್ಲ. ಕೈಯಲ್ಲಿ ತಂದು ಬಿಡಬೇಕು. ಪಲ್ಲಾವರದಲ್ಲಿ ಹಳೆ ಮಾಲು ಹೆಕ್ಕಿದವರಲ್ಲಿ ನಾನೇನೂ ಮೊದಲಿಗನಲ್ಲ. 1863ರ ಮೇ 30ರಂದು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಇಲ್ಲೇ ಜಲ್ಲಿ ಗುಂಡಿಯೊಂದರಲ್ಲಿ ಆದಿಮಾನವನ ಕಲ್ಲಿನ ಆಯುಧ ಎತ್ತಿಕೊಂಡ. ಭಾರತದ ಪ್ರಾಗಿತಿಹಾಸ ಶುರುವಾದದ್ದೇ ಆ ಕಲ್ಲಿನಿಂದ ಎನ್ನುತ್ತಾರೆ. ಆಮೇಲೆ ನಮ್ಮ ಬಳ್ಳಾರಿಯ ಗುಡ್ಡಗಳಲ್ಲೂ ಅವನು ಇದೇ ಕೆಲಸ ಮಾಡಿದ. ಚೌಕಾಸಿ ಮಾಡದೆ ಪಲ್ಲಾವರದಿಂದ ಸಾಮಾನು ತಂದವನು ಅವನೊಬ್ಬನೇ ಇರಬೇಕು.

ಇಷ್ಟೆಲ್ಲ ಆಗಿ, ಹನ್ನೆರಡು ವರ್ಷ ಕಳೆದು, ಈ ಊರಿನ ಹೊರವಲಯ ನನಗೆ ಅಂಗೈ ಗೆರೆಯೆಂದು ಬೀಗುತ್ತಿರುವಾಗ ಅಕ್ಕ ಭಾವ ಬಂದರು. 2024ರ ಫೆಬ್ರವರಿ. ಕುಂಭಕೋಣದ ಸುತ್ತ ನವಗ್ರಹ ಕ್ಷೇತ್ರಗಳನ್ನು ಮುಗಿಸಿಕೊಂಡು ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಗಿನ ಐದಕ್ಕೆ ಕಿಳಾಂಬಾಕ್ಕಂನಲ್ಲಿ ಇಳಿಯುವವರಿದ್ದರು. ಆ ಬಸ್ ನಿಲ್ದಾಣ ಶುರುವಾಗಿದ್ದೇ 2023ರ ಡಿಸೆಂಬರ್ 30ರಂದು. ಅಲ್ಲಿಯವರೆಗೆ ತೆಂಕಣ ಜಿಲ್ಲೆಗಳ ಬಸ್ಸೆಲ್ಲ ಕೋಯಂಬೇಡಿಗೆ ಬರುತ್ತಿದ್ದವು. "ನೀವು ಅಲ್ಲೇ ನಿಂತಿರಿ ಭಾವ, ನಾನೇ ಬಂದು ಕರಕೊಂಡು ಬರ್ತೀನಿ. ನಿಮಗೆ ಈ ಕಡೆ ಏನೂ ಗೊತ್ತಾಗಲ್ಲ" ಎಂದೆ. ಭಾವ ಒಪ್ಪಿ, ಬ್ಯಾಟರಿ ಖರ್ಚಾಗುತ್ತದೆಂದು ಫೋನು ಆಫ್ ಮಾಡಿದರು. ಅಕ್ಕನ ಫೋನು ಸೂಟ್‌ಕೇಸಿನಲ್ಲಿ, ಸೀರೆಗಳ ನಡುವೆ, ಭದ್ರವಾಗಿರುತ್ತದೆ.

ನಾಲ್ಕೂವರೆಗೆ ತಾಂಬರಂಗೆ ಬಂದರೆ ಕತ್ತಲಲ್ಲಿ ಒಂದು ಬಸ್ಸು ಹೊರಡುವ ಅವಸರದಲ್ಲಿತ್ತು. ಎಲ್ಲಿಗೆ ಎಂದೆ. ಕಂಡಕ್ಟರು ಹೇಳಿದ್ದು ಸರಿಯಾಗೇ ಇತ್ತು, ನಿದ್ದೆಗಣ್ಣಿನ ಕಿವಿ ನನ್ನದು. ಹತ್ತಿದೆ. ಇಲ್ಲಿನ ಬಸ್ಸಿನಲ್ಲಿ ಕಂಡಕ್ಟರು ಹಿಂದಿನ ಬಾಗಿಲ ಬಳಿ ತಮ್ಮ ಸೀಟಿನಲ್ಲಿ ಸ್ಥಾಪಿತರಾಗಿರುತ್ತಾರೆ. ದುಡ್ಡೇ ಅವರ ಬಳಿಗೆ ಹೋಗಬೇಕು, ಕೈಯಿಂದ ಕೈಗೆ. ಮುಂದೆ ಕೂತಿದ್ದ ನಾನು ಐವತ್ತರ ನೋಟನ್ನು ಹಿಂದಿನವರಿಗೆ ಕೊಟ್ಟು "ಕಿಳಾಂಬಾಕ್ಕಂ" ಎಂದೆ. ಹೂ ಮಾರುವ ಹೆಂಗಸು, ಅವರಿಂದ ಐಡಿ ಕಾರ್ಡು ತೊಟ್ಟ ಹುಡುಗ, ಅವನಿಂದ ಹೆಲ್ಮೆಟ್ಟು ಹಿಡಿದ ಕಾರ್ಮಿಕ. ನೋಟು ಸಾಗಿತು, ಜೊತೆಗೆ ಮಾತೂ ಸಾಗಿತು. ಟಿಕೆಟ್ಟು ಚಿಲ್ಲರೆ ಅದೇ ದಾರಿಯಲ್ಲಿ ವಾಪಸು ಬಂದವು. ಒಂದು ರೂಪಾಯಿಯೂ ದಾರಿಯಲ್ಲಿ ಸೋರಲಿಲ್ಲ. ಸೋರಿದ್ದು ಸ್ವರ. ಲೆಕ್ಕಕ್ಕಿಂತ ಚಿಲ್ಲರೆ ಕಡಿಮೆ ಬಂದಿದೆಯಲ್ಲ ಎನ್ನಿಸಿತು, ನಸುಕಿನಲ್ಲಿ ಯಾರ ಬಳಿ ತಗಾದೆ ಎಂದು ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟಾಗ ಬಸ್ಸು ವಂಡಲೂರಿನಲ್ಲಿ ಎಡಕ್ಕೆ ತಿರುಗಿ ಎಷ್ಟೋ ಹೊತ್ತಾಗಿತ್ತು. ಕಿಟಕಿಯಾಚೆ ಕೊಳಪಾಕ್ಕಂ ಕಳೆದು ಮಾಂಬಾಕ್ಕಂ ಬಂದಿತ್ತು. ಅದೂ ಕಳೆದು ಪುದುಪಾಕ್ಕಂ. ಎದ್ದು ಕೇಳಿದೆ. ಹೂವಿನ ಹೆಂಗಸು ಮರುಕದಿಂದ ನೋಡಿದರು. ನಾನು ಹೋಗಬೇಕಿದ್ದದ್ದು ಜಿ.ಎಸ್.ಟಿ. ರಸ್ತೆಯ ಕಿಳಾಂಬಾಕ್ಕಂ, ಕೂತಿದ್ದದ್ದು ಓ.ಎಂ.ಆರ್. ರಸ್ತೆಯ ಕೇಳಂಬಾಕ್ಕಂ ಬಸ್ಸಿನಲ್ಲಿ. 'ಕಿಳಂಬು' ಎಂದರೆ ತಮಿಳಿನಲ್ಲಿ ಹೊರಡು ಎಂದರ್ಥ. ಹೊರಡಬೇಕಿದ್ದವನು ಕೇಳಲು ಹೋಗಿದ್ದೆ. ಮತ್ತೆ ಅದೇ ಹ್ರಸ್ವ ದೀರ್ಘ.

ಎದುರು ದಿಕ್ಕಿನ ಬಸ್ಸಿಗೆ ಕಾದು, ಹತ್ತಿ, ಬೆಳಕು ಹರಿದ ಮೇಲೆ ವಂಡಲೂರು ಸಮೀಪಿಸುತ್ತಿರುವಾಗ ಹೆಂಡತಿಯ ಫೋನು. ಅಕ್ಕ ಭಾವ ಆಗಲೇ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾರೆ. ಬಾಗಿಲಿಗೆ ರಂಗೋಲಿ ಹಾಕಲು ಹೊರಬಂದರೆ ಎದುರಿಗೇ ಆಟೋ ನಿಂತಿತಂತೆ. ತಮಿಳಿನ ಒಂದು ಅಕ್ಷರ ಬಾರದ ಭಾವ ಹೇಗೆ ಬಂದರೆಂದು ಕೇಳಿದೆ. ಅವರೇ ಫೋನು ಇಸಕೊಂಡರು.

"ಅದೇನು ಬ್ರಹ್ಮವಿದ್ಯೆಯಪ್ಪ? ಚಿಟ್ಲಪಕ್ಕ, ಕೆರೆ ಏರಿ ಅಂದೆ. ಅವನು ಏರಿಕ್ಕರೆಯಾ ಅಂದ. ಹ್ಞೂ ಕಣಪ್ಪ, ಏರಿ ಕೆರೆನೋ ಕೆರೆ ಏರಿನೋ ಎಲ್ಲಾ ಒಂದೇ, ನಡಿ ಅಂದೆ. ತಂದು ಬಿಟ್ಟ. ನೀನೆಲ್ಲಿದ್ದೀಯ?"

ಕಿಟಕಿಯಲ್ಲಿ ಬೋರ್ಡು ನೋಡಿದೆ. ಕೊಳಪಾಕ್ಕಂ.

"ಇಲ್ಲೇ ಭಾವ, ಪಕ್ಕದಲ್ಲೇ."

"ದಾರಿ ಗೊತ್ತಾಗದಿದ್ರೆ ಒಂದು ಆಟೋ ಹಿಡಿ," ಎಂದರು ಭಾವ. "ಕೆರೆ ಏರಿ ಅನ್ನು, ಸಾಕು."